ದಡಾರ ಎದ್ದಾಗ ನಾ ಕೇಳಿದ್ದು

ಸ್ವಾತಂತ್ರ್ಯ ಬಂದು ಏಳೆಂಟು ವರ್ಷ ಆಗಿತ್ತು, ನನಗೂ ಅಷ್ಟ ವಯಸ್ಸು. ಆ ಬ್ಯಾಸಗ್ಯಾಗ ನಮ್ಮ ಅಂಕಲಗಿ ಮನ್ಯಾಗ ನನಗ ದಡಾರ ಎದ್ದಿತು. ಮೈತುಂಬ ಕೆಂಪು ಗುಳ್ಳಿ, ಕಣ್ಣಾಗ ನೀರು, ಸುಡೂ ಜ್ವರ, ಕೆಮ್ಮು. ಅದನ್ನ ಬ್ಯಾನಿ ಅಂತ ಯಾರು ಅಂತಿದ್ರು ಬಿಡ್ರಿ, ದೇವಿ ಬಂದಾಳ ಅಂತಿದ್ರು. ಬಾಗಲಿಗೆ ಬೇವಿನ ತಪ್ಪಲ ಕಟ್ಟಿದ್ರು, ಒಗ್ಗರಣಿ ಹಾಕೂದು ಬಿಟ್ರು. ಅಪ್ಪನ ತಾಯಿ, ನಮ್ಮ ಆಯಿ, ದಿನಾ ಮುಂಜಾನಿ ನನಗ ಕೈ ಮುಗೀತಿದ್ಲು. ದೇವಿ ಹೋಗೂತನಕ ನಾ ಏನ್ ಕೇಳಿದ್ರೂ ಯಾರೂ ಇಲ್ಲ ಅನ್ನೂ ಹಂಗ ಇರಲಿಲ್ಲ.

ನನಗ ಮೊದಲ ಸೊಕ್ಕು ಜಾಸ್ತಿ. ಬೆಲ್ಲ ಕೇಳಿದೆ, ಬಂತು. ಆಯಿ ಹೊಚಗೊಳ್ಳೂ ಕೌದಿ ಕೇಳಿದೆ, ಅದೂ ಬಂತು. ಮೂರನೇ ದಿನ ತಮ್ಮ ಬೇಕು ಅಂದೆ. ಒಂಬತ್ತು ತಿಂಗಳ ಕೂಸು, ಆಗಷ್ಟ ಗ್ವಾಡಿ ಹಿಡದು ನಿಲ್ಲಾಕ ಕಲತಿದ್ದ.

"ಬ್ಯಾಡ, ಕೂಸಿಗೂ ಬಂದೀತು," ಅಂದ್ಲು ಅವ್ವ.

"ದೇವಿ ಈಕಿ ಬಾಯಿಲೆ ಕೇಳಾಕತ್ತಾಳ, ಇಲ್ಲ ಅಂತೀಯೇನ?" ಅಂತ ಆಯಿ ಗದರಿಸಿದ್ಲು. ಅವ್ವ ಕೂಸನ್ನ ತಂದು ನನ್ನ ತೊಡಿ ಮ್ಯಾಲೆ ಕೂಡ್ಸಿದ್ಲು. ಎರಡು ದಿನ ನಾ ಅವನ್ನ ಬಿಡಲಿಲ್ಲ. ಬಾಜೂಕ ಮಲಗಿಸಿಕೊಂಡೆ, ಮುದ್ದು ಮಾಡಿದೆ, ಅವನ ಮಾರಿ ಮ್ಯಾಲೆ ಕೆಮ್ಮಿದೆ.

ನಾ ಎದ್ದು ತಲಿಗೆ ನೀರು ಹಾಕ್ಕೊಂಡು ವಾರ ಆಗಿರಲಿಲ್ಲ, ಅವಗ ಜ್ವರ ಬಂತು. ಗುಳ್ಳಿ ಎದ್ದು ಆರಿದವು, ಕೆಮ್ಮು ಮಾತ್ರ ಹೆಚ್ಚಾತು. ಹಾಲು ಕುಡಿಯೂದು ಬಿಟ್ಟ. ಉಸಿರು ತಗೊಂಡಾಗ ಪಕ್ಕಡಿ ಎಲುಬು ಒಳಗ ಜಗ್ಗತಿದ್ದವು. ದೇವಿ ಇದ್ದ ಕೂಸನ್ನ ಹೊಸ್ತಿಲ ದಾಟಸಬಾರದು ಅಂತ ಆಯಿ ಮೂರು ದಿನ ತಡದ್ಲು. ಕಡೀಕ ಅವ್ವ ಆಕಿಗೆ ಹೇಳದ, ಕೂಸನ್ನ ಸೆರಗಿನಾಗ ಮುಚ್ಚಿಕೊಂಡು ಗೋಕಾಕ ಮೋಟಾರು ಹತ್ತಿದ್ಲು. ನಾ ಅಳಕೋತ ಬೆನ್ನು ಹತ್ತಿದೆ.

ಡಾಕ್ಟರು ಎದಿ ನೋಡಿ ಸೂಜಿ ಮಾಡಿದ್ರು. "ದಡಾರ ಎದಿಗೆ ಇಳದೈತಿ. ಕೆಮ್ಮು ಹೆಚ್ಚಾದ ದಿನಾನ ತರಬೇಕಿತ್ತು. ಮನ್ಯಾಗ ಮೊದಲ ಯಾರಿಗೆ ಬಂದಿತ್ತು?"

ಅವ್ವ ನನ್ನ ತೋರಿಸಿದ್ಲು.

"ಇದು ಉಸಿರಿನಾಗ ಹಬ್ಬೂ ಬ್ಯಾನಿ ಐತಿ. ಇಷ್ಟು ಸಣ್ಣ ಕೂಸನ್ನ ದೂರ ಇಡೂದು ಬಿಟ್ಟು ಈಕಿ ಬಾಜೂಕ ಮಲಗಿಸಿದವರು ಯಾರು?" ಅವರಿಗೆ ಸಿಟ್ಟು ಬಂದಿತ್ತು.

"ನಾನ ಮಲಗಿಸಿದ್ನಿರಿ," ಅಂದ್ಲು ಅವ್ವ.

ಮಧ್ಯಾಹ್ನ ತಮ್ಮ ಹೋದ. ಮನಿಗೆ ಮಾತಾಡಸಾಕ ಬಂದ ಹೆಣ್ಮಕ್ಕಳು, ತಾಯಿ ಆಗಿ ಇಷ್ಟೂ ತಿಳೀಲಿಲ್ಲೇನ ಅಂತ ಅವ್ವನ್ನ ಕೇಳಿದ್ರು. ತಿಳೀಲಿಲ್ಲ ಅಂದ್ಲು. ನಾ ಆಕಿ ಮಗ್ಗಲದಾಗ ಕುಂತು ಎಲ್ಲಾ ಕೇಳಿಸಿಕೊಂಡೆ, ಬಾಯಿ ಬಿಡಲಿಲ್ಲ.