ಇನ್ನೊಬ್ಬರ ಅಳತೆಯ ಗಿಟಾರು

ಟೇಪು ಹೇಳಿದ್ದನ್ನು ಮಾತ್ರ ನಂಬುವ ಕಸುಬು ನನ್ನದು. ಗಿರಾಕಿ ತನ್ನನ್ನು ಸಣಕಲ ಎಂದುಕೊಂಡಿರಲಿ, ಪೈಲ್ವಾನ ಎಂದುಕೊಂಡಿರಲಿ, ಸೊಂಟಕ್ಕೆ ಟೇಪು ಸುತ್ತಿದರೆ ನಿಜ ಎಷ್ಟೆಂದು ಗೊತ್ತಾಗುತ್ತದೆ. ಹಾಗಾಗಿ ದೆವ್ವ, ಗಾಳಿ, ಮೈಮೇಲೆ ಬರುವುದು ಇಂಥ ಮಾತು ಬಂದಾಗಲೆಲ್ಲ ನಾನು ನಗುತ್ತಿದ್ದೆ. ಊರಿನಿಂದ ಬಂದ ನೆಂಟರು ಅಂಥ ಕಥೆ ಶುರುಮಾಡಿದರೆ, ಅದರ ಎದೆ ಸುತ್ತಳತೆ ಎಷ್ಟು, ತೋಳುದ್ದ ಎಷ್ಟು ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ಹಾಗೆ ಕೇಳುವುದಿಲ್ಲ. ನಂಬಿಕೆ ಬಂದುಬಿಟ್ಟಿದೆ ಎಂದಲ್ಲ. ನನಗೆ ಆದದ್ದನ್ನು ಆದ ಹಾಗೇ ಹೇಳುತ್ತೇನೆ, ಏನೆಂದುಕೊಳ್ಳುವುದು ನಿಮಗೆ ಬಿಟ್ಟದ್ದು.

ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರಿದ್ದ ಕಾಲ. ಮೈಸೂರು ನಗರದ ಲಷ್ಕರ್ ಮೊಹಲ್ಲಾದಲ್ಲಿ ಗಫೂರ್ ಸಾಹೇಬರ ಟೈಲರಿಂಗ್ ಅಂಗಡಿಯಲ್ಲಿ ಕಟಿಂಗ್ ಕಲಿತು ಅಲ್ಲೇ ಕೆಲಸಕ್ಕೆ ನಿಂತಿದ್ದೆ. ಅವರನ್ನು ನಾವೆಲ್ಲ ಉಸ್ತಾದ್ ಎನ್ನುತ್ತಿದ್ದೆವು. ಅಂಗಡಿಯ ಹಿಂದಿನ ಗೋಡೆಗೆ ಉದ್ದನೆಯ ಬಿದಿರ ಗಳ ಕಟ್ಟಿತ್ತು. ಹೊಲಿಯಲು ಕೊಟ್ಟು ಮತ್ತೆ ಬಾರದವರ ಬಟ್ಟೆಗಳೆಲ್ಲ ಅದರ ಮೇಲೆ ತೂಗುತ್ತಿದ್ದವು. ಬೇರೆಯವರಾದರೆ ಒಂದು ವರ್ಷ ನೋಡಿ ಯಾರಿಗಾದರೂ ಮಾರಿಬಿಡುತ್ತಿದ್ದರು. ಉಸ್ತಾದ್ ಒಪ್ಪುತ್ತಿರಲಿಲ್ಲ. "ಅಳತೆ ಕೊಟ್ಟು ಹೋಗವ್ನೆ ಅಂದ್ರೆ ಬರ್ತೀನಿ ಅಂತ ಹೇಳಿ ಹೋಗವ್ನೆ ಅಂತ ಕಣೋ. ಇರ್ಲಿ ಬುಡು," ಎನ್ನುತ್ತಿದ್ದರು. ನುಸಿ ಹಿಡಿಯದಂತೆ ಆ ಬಟ್ಟೆಗಳನ್ನು ಆಗಾಗ ಬಿಸಿಲಿಗೆ ಹಾಕುವುದು ನನ್ನ ಪಾಲಿಗೆ ಬಂದಿತ್ತು. ದಂಡದ ಕೆಲಸ ಎಂದು ಗೊಣಗಿಕೊಂಡೇ ಮಾಡುತ್ತಿದ್ದೆ.

ಸಂಜೆ ಹೊತ್ತು ನಾನು ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರು ನುಡಿಸುತ್ತಿದ್ದೆ. ಮದುವೆ ಮನೆ, ಗಣೇಶನ ಪೆಂಡಾಲು, ಎಲ್ಲಿ ಕರೆದರೂ ಹೋಗುತ್ತಿದ್ದೆವು. ಹಗಲೆಲ್ಲ ಕತ್ತರಿ ಹಿಡಿದ ಕೈಗೆ ಅದೇ ಹಬ್ಬ. ತೊಂದರೆ ಏನೆಂದರೆ, ನನ್ನ ಮರದ ಗಿಟಾರಿನ ಸದ್ದು ಡ್ರಮ್ಮು, ಅಕಾರ್ಡಿಯನ್ನುಗಳ ನಡುವೆ ನನಗೇ ಕೇಳಿಸುತ್ತಿರಲಿಲ್ಲ. ಕೊನೆಗೆ ಆರ್ಕೆಸ್ಟ್ರಾದ ಯಜಮಾನರು ಮುಖಕ್ಕೆ ಹೇಳಿಬಿಟ್ಟರು. ಕರೆಂಟಿನ ಗಿಟಾರು ಇರುವವನೊಬ್ಬ ಸಿಕ್ಕಿದ್ದಾನೆ, ದಸರಾ ಒಳಗೆ ನೀನೂ ಒಂದು ತಂದರೆ ಸರಿ, ಇಲ್ಲದಿದ್ದರೆ ಅವನೇ ಎಂದರು. ಅದು ಬೊಂಬಾಯಿಂದ ಬರಬೇಕಾಗಿದ್ದ ಕಾಲ, ನನ್ನ ಸಂಬಳಕ್ಕೆ ಎಟುಕದ ಮಾತು. ಆ ವೇದಿಕೆಯೂ ಹೋದರೆ ಬಾಳಿನಲ್ಲಿ ಕಟಿಂಗ್ ಮೇಜೊಂದೇ ಉಳಿಯುತ್ತದೆಂದು ನನಗೆ ನಿಜವಾಗಿ ದಿಗಿಲಾಗಿತ್ತು.

ಅಂಥದ್ದರಲ್ಲಿ ಪ್ಯಾಂಟು ಹೊಲಿಸಲು ಬಂದ ಮಹದೇವಪ್ಪನವರು ಅಂಗಡಿಯ ಗೋಡೆಯಲ್ಲಿದ್ದ ನನ್ನ ಗಿಟಾರು ನೋಡಿದರು. ಕಾರ್ಖಾನೆಯಲ್ಲಿ ಕೆಲಸ, ಹಣೆಯಲ್ಲಿ ವಿಭೂತಿ, ತೂಕದ ಮನುಷ್ಯ. "ನಮ್ಮನೇಲೂ ಒಂದದೆ ಕಣಪ್ಪ, ಕರೆಂಟಿಂದು. ನನ್ ತಮ್ಮ ಮಾಡ್ಕಂಡಿದ್ದು. ಬಂದ್ ನೋಡಿ, ಇಷ್ಟವಾದ್ರೆ ತಗಂಡೋಗಿ," ಎಂದರು. ಹೇಳಿದ ಬೆಲೆ ನನ್ನ ಕೈಗೆಟುಕುವಂಥದ್ದೇ. ಭಾನುವಾರ ಸಂಜೆ ಸೈಕಲ್ ತುಳಿದುಕೊಂಡು ವಿದ್ಯಾರಣ್ಯಪುರಂಗೆ ಹೋದೆ.

ಮುಂದಿನ ಕೋಣೆಯ ಗೋಡೆಯಲ್ಲಿ ಒಂದು ಮರದ ಗೂಟ, ಅದರಲ್ಲಿ ಹಳೆಯ ಪಂಚೆ ಸುತ್ತಿದ ಗಿಟಾರು. ಬಿಚ್ಚಿದಾಗ ನನಗೆ ನಗು ಬಂದುಬಿಟ್ಟಿತು. ಗಿಟಾರಿಗೆ ಇರಬೇಕಾದ ಸೊಂಟವೂ ಇಲ್ಲ, ಹೊಟ್ಟೆಯೂ ಇಲ್ಲ. ದಪ್ಪ ಹಲಸಿನ ಹಲಗೆ. ಒಂದು ಬದಿ ಆಳವಾಗಿ ಒಳಕ್ಕೆ ಸರಿದಿದೆ, ಇನ್ನೊಂದು ಬದಿ ಕೊಂಬಿನಂತೆ ಮೇಲಕ್ಕೆ ಹೋಗಿದೆ, ಕೆಳಗಿನ ಅಂಚು ಎಲ್ಲಿಗೋ ಓರೆಯಾಗಿ ಓಡಿದೆ. ಕತ್ತರಿ ಕೈ ತಪ್ಪಿದ ಬಟ್ಟೆಯಂತಿತ್ತು. ಇದನ್ನು ಹಿಡಿದು ವೇದಿಕೆ ಹತ್ತಿದರೆ ಜನ ಏನೆಂದಾರು ಎಂದುಕೊಂಡೆ. ಆಮೇಲೆ ಕೈಯಾಡಿಸುತ್ತಾ ಹೋದ ಹಾಗೆ ನಗು ನಿಂತಿತು. ಅದರಲ್ಲಿ ಒಂದು ತಪ್ಪೂ ಇರಲಿಲ್ಲ. ಇಲ್ಲಿ ಪಕ್ಕೆಲುಬು ಕೂರಬೇಕು, ಇಲ್ಲಿ ಕಂಕುಳು ಬರಬೇಕು, ಇದು ತೊಡೆಗೆ. ಯಾವುದೋ ಒಂದು ಮೈಗೆ ಅಳತೆ ತೆಗೆದು ಕತ್ತರಿಸಿದ ಮರ ಅದು.

"ಚಿಕ್ಕೋನಿದ್ದಾಗ್ಲೇ ಬೆನ್ನು ಸೊಟ್ಟಗಾಗ್ಬುಡ್ತು ಕಣ್ರೀ ನಮ್ ನಂಜುಂಡಂಗೆ. ಅಂಗಡಿ ಗಿಟಾರು ಮೈಮೇಲೆ ನಿಲ್ತಿರ್ಲಿಲ್ಲ, ಜಾರೋದು. ಅದ್ಕೇ ತಾನೇ ಕುಯ್ಕಂಡ," ಎಂದರು ಮಹದೇವಪ್ಪ. ನಂಜುಂಡ ರೇಡಿಯೋ ರಿಪೇರಿ ಮಾಡುತ್ತಿದ್ದವನು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ವಾಲ್ವ್ ತರುತ್ತೇನೆಂದು ಹೊರಟವನು ಹಿಂದಿರುಗಿರಲಿಲ್ಲ. ಪೊಲೀಸು, ಶಾಸ್ತ್ರ ಕೇಳುವುದು, ಊರೂರು ಅಲೆಯುವುದು ಎಲ್ಲ ಮುಗಿದಿತ್ತು. ಇದ್ದಾನೋ ಇಲ್ಲವೋ ಯಾರಿಗೂ ತಿಳಿಯದು.

ಅಷ್ಟರಲ್ಲಿ ನಂಜುಂಡನ ಹೆಂಡತಿ ರಾಜಮ್ಮ ನೀರು ತಂದಿಟ್ಟರು. ಹಣೆಯಲ್ಲಿ ಕುಂಕುಮವಿತ್ತು. ನನ್ನ ಕೈಯಲ್ಲಿದ್ದ ಗಿಟಾರನ್ನು ನೋಡಿ, "ಅವ್ರು ಬಂದು ಕೇಳುದ್ರೆ ಏನಂತ ಹೇಳ್ಲಿ ಭಾವ?" ಎಂದರು. "ಬಂದ್ರೆ ಇನ್ನೊಂದ್ ಮಾಡ್ಕತಾನೆ ಬುಡು ತಾಯಿ," ಎಂದ ಮಹದೇವಪ್ಪ, ಆಕೆ ಒಳಗೆ ಹೋದ ಮೇಲೆ ದನಿ ತಗ್ಗಿಸಿದರು. "ಇದು ಗೋಡೆ ಮೇಲಿರೋಗಂಟ ಈ ಹೆಣ್ಮಗ ಇಲ್ಲಿಂದ ಕದಲಾಕಿಲ್ಲ ಕಣಪ್ಪ. ತೌರಿಗೆ ಕರ್ಕಂಡೋಗಾಕೆ ಅವರಪ್ಪ ಬಂದು ಬಂದು ವಾಪಸ್ ಹೋಗವ್ರೆ." ಆಗ ನನಗೆ ವಿಷಯ ತಿಳಿಯಿತು. ನಾನು ಗಿಟಾರು ಕೊಂಡೆನೆಂದರೆ, ಆ ಮನುಷ್ಯ ಬರುವುದಿಲ್ಲ ಎಂದು ಈ ಮನೆ ಒಪ್ಪಿಕೊಂಡಂತೆ.

ಆದರೂ ನುಡಿಸಿ ನೋಡದೆ ಎದ್ದುಬರಲು ಮನಸ್ಸಾಗಲಿಲ್ಲ. ಕಾಫಿ ಕುಡಿಯದೆ ಹೋಗಕೂಡದೆಂದು ಹೇಳಿ ಮಹದೇವಪ್ಪ ಹಾಲು ತರಲು ಹೊರಟರು. ನಾನು ಗಿಟಾರಿನ ವೈರನ್ನು, ಸದ್ದು ಅದರಲ್ಲಿ ಬರಲೆಂದು, ಪಕ್ಕದಲ್ಲಿದ್ದ ನಂಜುಂಡನ ರೇಡಿಯೋಗೆ ಸಿಕ್ಕಿಸಿ ಬೆಂಚಿನ ಮೇಲೆ ಕುಳಿತೆ. ಗಿಟಾರು ಮೈಮೇಲೆ ನಿಲ್ಲಲೊಲ್ಲದು. ಎತ್ತಿ ಕೂರಿಸಿದಷ್ಟೂ ಜಾರುತ್ತದೆ. ಎಡಭುಜ ಇಳಿಬಿಟ್ಟೆ, ಸೊಂಟವನ್ನು ಬಲಕ್ಕೆ ಹೊರಳಿಸಿದೆ, ಎಡಗಾಲನ್ನು ಬೆಂಚಿನ ಕೆಳಕ್ಕೆ ಎಳೆದುಕೊಂಡೆ. ಆಗ ಕೂತಿತು ನೋಡಿ! ಇಸ್ತ್ರಿ ಮಾಡಿದ ಕಾಲರ್ ಕತ್ತಿಗೆ ಕೂರುವ ಹಾಗೆ.

ನನಗೆ ಬರುತ್ತಿದ್ದ ಒಂದು ಸಿನಿಮಾ ಹಾಡನ್ನೇ ಶುರುಮಾಡಿದೆ. ಆದರೆ ಪ್ರತಿ ಸಾಲಿನ ನಡುವೆ ಕೈ ತಾನಾಗಿ ಒಂದು ಕ್ಷಣ ನಿಲ್ಲುತ್ತಿತ್ತು. ಮೆಟ್ಟಿಲು ಹತ್ತುವವನು ನಡುವೆ ನಿಂತು ಸುಧಾರಿಸಿಕೊಳ್ಳುವುದಿಲ್ಲವೇ, ಹಾಗೆ. ಆ ನಿಲುಗಡೆಯಿಂದ ಹಾಡಿಗೆ ಬೇರೆಯದೇ ಒಂದು ನೋವು ಬಂದಿತ್ತು. ನಾನು ಅಷ್ಟು ಚೆನ್ನಾಗಿ ಅದುವರೆಗೆ ನುಡಿಸಿರಲಿಲ್ಲ, ಆಮೇಲೂ ನುಡಿಸಲಿಲ್ಲ. ಸಂತೋಷದಲ್ಲಿ ಮೈಮರೆತಿದ್ದಾಗ ಗಮನಕ್ಕೆ ಬಂತು, ನನ್ನ ಉಸಿರು ಗಿಡ್ಡವಾಗಿತ್ತು. ಎದೆಯ ಒಂದೇ ಬದಿಯಿಂದ ಉಸಿರಾಡುತ್ತಿದ್ದೆ. ಕಾಲುಗಳಲ್ಲಿ ಹಗಲೆಲ್ಲ ನಡೆದವನ ಆಯಾಸ. ನಾನು ಬಂದದ್ದು ಸೈಕಲ್ಲಿನಲ್ಲಿ.

ಹೆದರಿಕೆಯಾಗಿ ಗಿಟಾರನ್ನು ಬೆಂಚಿನ ಮೇಲಿಟ್ಟು, ರಾಜಮ್ಮ ಮೂಲೆಯಲ್ಲಿ ತಂದಿಟ್ಟಿದ್ದ ನೀರು ಕುಡಿಯಲೆಂದು ಎದ್ದು ಆ ಕಡೆ ನಡೆದೆ. ಕೋಣೆಯೊಳಗೆ ಆಗಲೇ ಮಬ್ಬು ಕವಿದಿತ್ತು. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಸದ್ದು ನಿಂತು, ರಾಜಮ್ಮನ ದನಿ ಬಂತು. "ಎದ್ರಾ? ಕೈ ತೊಳ್ಕಳಿ, ರೊಟ್ಟಿ ಆರೋಯ್ತದೆ." ಆ ದನಿಯಲ್ಲಿ ಅಳುವಿರಲಿಲ್ಲ, ಅಚ್ಚರಿಯಿರಲಿಲ್ಲ. ದಿನವೂ ಹೇಳಿ ಹೇಳಿ ಸಾಕಾದ ಹೆಂಡತಿಯ ಸಣ್ಣ ಗದರಿಕೆ ಇತ್ತು ಅಷ್ಟೇ.

ಆಕೆ ತಟ್ಟೆ ಹಿಡಿದು ಬಾಗಿಲಿಗೆ ಬಂದು ದೀಪದ ಸ್ವಿಚ್ಚು ಹಾಕಿದರು. ನನ್ನ ಮುಖ ನೋಡಿದರು, ಆಮೇಲೆ ಕಾಲು ನೋಡಿದರು. "ನಡಿಗೆ ಅವ್ರದು," ಎಂದರು ಮೆಲ್ಲಗೆ. "ನೀವು ಬಂದಾಗ ಇಂಗ್ ನಡೀತಿರ್ಲಿಲ್ಲ." ನಾನು ಕೆಳಗೆ ನೋಡಿಕೊಂಡೆ. ಎಡಗಾಲು ಹಿಂದೆ ಎಳೆದುಕೊಂಡು ನಿಂತಿತ್ತು. ನೆಟ್ಟಗೆ ನಿಲ್ಲಲು ನೋಡಿದೆ, ಭುಜ ಮೇಲೇಳಲಿಲ್ಲ.

ರಾಜಮ್ಮ ತಟ್ಟೆಯನ್ನು ನನ್ನ ಮುಂದೆ ಇಟ್ಟರು. "ಕುತ್ಕಳಿ. ಬಡಿಸಿದ್ ತಟ್ಟೆ ಒಳಿಕ್ ತಗಂಡೋಗ್ಬಾರ್ದು." ಇನ್ನೊಬ್ಬ ಗಂಡಸಿಗೆಂದು ಬಡಿಸಿದ ರೊಟ್ಟಿ, ಹುಚ್ಚೆಳ್ಳು ಚಟ್ನಿಯನ್ನು ತಲೆ ತಗ್ಗಿಸಿಕೊಂಡು ತಿಂದೆ. ಆಕೆ ಬಾಗಿಲಿಗೆ ಒರಗಿ ನೋಡುತ್ತಲೇ ಇದ್ದರು. ತಿಂದು ಮುಗಿಸಿದಾಗ ಒಂದೇ ಮಾತು ಕೇಳಿದರು. "ಬದುಕವ್ರಾ?"

ನನಗೇನು ಗೊತ್ತು ತಾಯಿ ಎನ್ನಬೇಕಿತ್ತು. "ಉಸಿರಾಡ್ತಾ ಅವ್ರೆ ಕಣಮ್ಮ, ನಡೆದು ಸುಸ್ತಾಗವ್ರೆ," ಎಂದುಬಿಟ್ಟೆ. ಎಲ್ಲಿಂದ ಬಂತೋ ಆ ಮಾತು. ರಾಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ತಟ್ಟೆ ಎತ್ತಿಕೊಂಡು ಹೋದರು.

ಮಹದೇವಪ್ಪ ಹಾಲು ತಂದಾಗ ನಾನು ಹೊಸಿಲ ಹತ್ತಿರ ನಿಂತಿದ್ದೆ. ದಸರಾ, ವೇದಿಕೆ, ಯಜಮಾನರ ಮಾತು ಎಲ್ಲ ಕಣ್ಣ ಮುಂದೆ ಬಂತು. ಆದರೆ ಬಾಯಿಗೆ ಬಂದದ್ದು ಉಸ್ತಾದರ ಮಾತು. "ಅಳತೆ ತೆಗೆದು ಮಾಡಿರೋದು ಸ್ವಾಮಿ, ಇನ್ನೊಬ್ಬರು ಒಯ್ಯಬಾರ್ದು. ಅವರು ಬಂದಾಗ ಬೇಕಾಯ್ತದೆ." ಅವರಿಗೆ ಬೇಸರವಾಯಿತು. "ಆಸೆ ಹಚ್ಬುಟ್ಟು ಹೋಯ್ತಾ ಇದ್ದೀರಲ್ಲಪ್ಪ. ಇನ್ ಅವಳ ನಾನ್ ಎಂಗ್ ಕಳಿಸ್ಲಿ?" ಎಂದರು. ರಾಜಮ್ಮ ಬಂದು ಗಿಟಾರಿಗೆ ಪಂಚೆ ಸುತ್ತಿ ತಾವೇ ಗೂಟಕ್ಕೆ ತೂಗುಹಾಕಿದರು.

ಆರ್ಕೆಸ್ಟ್ರಾದ ಜಾಗ ಹೋಯಿತು. ಆ ದಸರಾದಲ್ಲಿ ನಾನು ಜನರ ನಡುವೆ ನಿಂತು ಕೇಳಿದೆ, ಹೊಟ್ಟೆ ಉರಿಯಿತು. ಕಾಲೆಳೆಯುವುದು ಒಂದೆರಡು ದಿನದಲ್ಲೇ ನಿಂತಿತು. ಭುಜ ಮಾತ್ರ ಏಳಲಿಲ್ಲ. ನನ್ನ ಮದುವೆ ಗೊತ್ತಾದಾಗ ಕೋಟು ಹೊಲಿದುಕೊಡುತ್ತೇನೆಂದು ಉಸ್ತಾದ್ ಅಳತೆಗೆ ನಿಲ್ಲಿಸಿದರು. ಕಲಿಯುವ ಕಾಲದಲ್ಲಿ ನಮ್ಮ ಮೈಮೇಲೆಯೇ ಅಳತೆ ಕಲಿಸಿದ್ದವರು, ನನ್ನ ಮೈ ಅವರಿಗೆ ಬಾಯಿಪಾಠ. "ಏನೋ ಬೇಟಾ, ಎಡಭುಜ ಎಲ್ಲಿ ಬೀಳಿಸ್ಕೊಂಡು ಬಂದೆ?" ಎಂದರು. ಬಲಕ್ಕಿಂತ ಒಂದಂಗುಲಕ್ಕೂ ಹೆಚ್ಚು ಕೆಳಗಿತ್ತು. ಡಾಕ್ಟರು, ಬಗ್ಗಿ ಕೆಲಸ ಮಾಡುವವರಿಗೆ ಹೀಗಾಗುವುದುಂಟು ಎಂದರು. ನಾನೂ ಹಾಗೇ ನಂಬಲು ನೋಡಿದೆ. ಆದರೆ ಬಲಗೈಯಲ್ಲಿ ಕತ್ತರಿ ಹಿಡಿದು ಬಗ್ಗುವವನಿಗೆ ಇಳಿಯುವುದು ಬಲಭುಜ. ಕೊನೆಗೆ ಉಸ್ತಾದರಿಗೆ ಎಲ್ಲವನ್ನೂ ಹೇಳಿದೆ. ಅವರು ನಗಲಿಲ್ಲ. ಟೇಪು ಹೇಳಿದ ಹಾಗೇ, ಎಡಭುಜ ಇಳಿಸಿ ಕೋಟು ಕತ್ತರಿಸಿದರು. ಚೆನ್ನಾಗಿ ಕೂತಿತು. ನನ್ನ ಹೆಂಡತಿ ಕೈಹಿಡಿದದ್ದು ಓರೆ ಭುಜದವನನ್ನೇ.

ಆ ಕೋಟನ್ನು ಹಬ್ಬ, ಮದುವೆಗಳಿಗೆ ಹಾಕುತ್ತಿದ್ದೆ. ಮಗಳು ಹುಟ್ಟಿ ನಡೆಯಲು ಕಲಿತ ಮೇಲೆ, ಒಂದು ಸಲ ನಾದಿನಿಯ ಮದುವೆಗೆ ಹಾಕಿಕೊಂಡರೆ ಎಡಗಡೆ ಕತ್ತಿನ ಹತ್ತಿರ ಜಗ್ಗುತ್ತದೆ, ಬೆನ್ನಿನಲ್ಲಿ ಸುಕ್ಕು ಏಳುತ್ತದೆ. "ಇದೇನ್ರೀ, ಯಾರದ್ದೋ ಕೋಟು ಹಾಕ್ಕಂಡಂಗದೆ!" ಎಂದು ಹೆಂಡತಿ ನಕ್ಕಳು. ನನಗೆ ನಗು ಬರಲಿಲ್ಲ. ಅಂಗಡಿಗೆ ಓಡಿದೆ. ಆಗ ಉಸ್ತಾದರಿಗೆ ಕಣ್ಣು ಮಂಜಾಗಿತ್ತು, ಬೆರಳಲ್ಲಿ ಟೇಪು ತಡವಿಕೊಂಡು ಮತ್ತೆ ಮತ್ತೆ ಅಳೆದರು. ಎರಡು ಭುಜವೂ ಒಂದೇ ಸಮ. ಯಾವತ್ತು ಮೇಲೆ ಬಂತೋ ನನ್ನ ಅರಿವಿಗೇ ಬಂದಿರಲಿಲ್ಲ.

ಮದುವೆ ಮುಗಿದ ಮಾರನೆಯ ದಿನವೇ ವಿದ್ಯಾರಣ್ಯಪುರಂಗೆ ಹೋದೆ. ಮನೆಯಲ್ಲಿ ಬೇರೆಯವರಿದ್ದರು. ಮಹದೇವಪ್ಪನವರು ಎಲ್ಲಿಗೆ ಹೋದರೆಂದು ಅವರಿಗೆ ತಿಳಿಯದು. "ಆಯಮ್ಮನ್ನ ಯಾರೋ ಬಂದ್ ಕರ್ಕಂಡೋದ್ರಂತೆ. ಅಪ್ಪನೋ ಗಂಡನೋ ನಾವ್ ಕಾಣೆವು," ಎಂದಳು ಆ ಮನೆಯಾಕೆ. ಗೋಡೆಯಲ್ಲಿ ಗೂಟ ಇತ್ತು, ಅದರ ಮೇಲೆ ಏನೂ ಇರಲಿಲ್ಲ.

ನನ್ನ ಭುಜ ಮೇಲೆದ್ದ ದಿನ ಅವನು ಮನೆಗೆ ಬಂದು ತನ್ನ ಗಿಟಾರು ಎತ್ತಿಕೊಂಡನೋ, ಅಥವಾ ಎಲ್ಲೋ ಯಾವುದೋ ಊರಿನಲ್ಲಿ ಆ ಗಿಡ್ಡ ಉಸಿರು ನಿಂತಿತೋ? ಆ ಹೆಣ್ಣುಮಗಳಿಗೆ ನಾನು ಹೇಳಿದ ಮಾತು ನಿಜವೋ ಸುಳ್ಳೋ? ಇಷ್ಟು ವಯಸ್ಸಾದರೂ ನನಗೆ ಗೊತ್ತಿಲ್ಲ. ಟೇಪಿಗೂ ಗೊತ್ತಿಲ್ಲ.

ಉಸ್ತಾದ್ ತೀರಿಕೊಂಡು ಅಂಗಡಿ ನನ್ನದಾಯಿತು, ಈಗ ಅಳಿಯ ನಡೆಸುತ್ತಾನೆ. ಆ ಕೋಟಿನ ಎಡಭುಜ ಬಿಚ್ಚಿ ಎತ್ತಿ ಹೊಲಿಯುವುದು ನನಗೆ ಒಂದು ಮಧ್ಯಾಹ್ನದ ಕೆಲಸ. ಹೆಂಡತಿ ಎಷ್ಟು ಹೇಳಿದರೂ ಮಾಡಿಲ್ಲ. ಹಿಂದಿನ ಗೋಡೆಯ ಬಿದಿರ ಗಳದಲ್ಲಿ, ಬಾರದವರ ಬಟ್ಟೆಗಳ ಜೊತೆ ತೂಗುಹಾಕಿದ್ದೇನೆ, ಬಿಸಿಲಿಗೂ ನಾನೇ ಹಾಕುತ್ತೇನೆ. ನಂಜುಂಡ ಬಂದರೆ ಅವನ ಮೈಗೆ ಸರಿಯಾಗಿ ಕೂರುತ್ತದೆ. ಟ್ರಯಲ್ ಕೂಡ ಬೇಕಾಗುವುದಿಲ್ಲ.