ಗ್ರಾಹಕರೆಲ್ಲ ಮನೆಯವರಾದಾಗ

ನನ್ನ ಅಕ್ಕನ ಗಂಡ ಹಾಸಿಗೆ ಅಂಗಡಿಯಲ್ಲಿ ಮಾರಾಟಗಾರ. ಅಂಗಡಿಯೊಳಗೆ ಭಾವನ ಬಾಯಲ್ಲಿ ಜೇನು ಸುರಿಯುತ್ತದೆ. ‘ಬನ್ನಿ ಅಮ್ಮಾ, ಕೂತ್ಕೊಳ್ಳಿ, ಬಿಸಿಲಲ್ಲಿ ಬಂದಿದೀರಿ’ ಎನ್ನುತ್ತ ಫ್ಯಾನನ್ನು ಅವರ ಕಡೆ ತಿರುಗಿಸುತ್ತಾರೆ. ಬೆನ್ನುನೋವು ಎಂದವರಿಗೆ ‘ನನಗೂ ಅದೇ ಗೋಳು’ ಎಂದು ಸೊಂಟ ಹಿಡಿದು ತೋರಿಸುತ್ತಾರೆ. ಮನೆಗೆ ಬಂದರೆ ಮಾತ್ರ ಬಾಯಿಗೆ ಬೀಗ. ಅಕ್ಕ ಏನು ಕೇಳಿದರೂ ‘ಹೂಂ’. ಇನ್ನೊಂದು ಸಲ ಕೇಳಿದರೆ ‘ಒಂದ್ಸಲ ಹೇಳಿದ್ರೆ ಅರ್ಥ ಆಗಲ್ವಾ?’ ಈ ಎರಡು ಮಾತಿನಲ್ಲೇ ಸಂಸಾರ ಇಷ್ಟು ವರ್ಷ ಸಾಗಿದೆ. ನನಗಂತೂ ಕಂಡರೆ ಮೈ ಉರಿಯುತ್ತದೆ.

ಇಂಥವರಿಗೆ ಮೌಲ್ಯ ಕಲಿಸಲು ಅಂಗಡಿ ಮಾಲೀಕರು ತರಬೇತುದಾರನೊಬ್ಬನನ್ನು ಕರೆಸಿದರು. ಕೋಟು ತೊಟ್ಟ ಆ ಮಹಾಶಯ ಕೆಲಸದವರನ್ನೆಲ್ಲ ಮಾರಾಟದ ಹಾಸಿಗೆಗಳ ಮೇಲೆ ಸಾಲಾಗಿ ಕೂರಿಸಿ, ‘ನಿಮ್ಮ ಸ್ವಂತ ಮೌಲ್ಯ ಏನು?’ ಎಂದು ಕೇಳಿದ. ಮೆತ್ತನೆ ಹಾಸಿಗೆ, ಊಟವಾದ ಹೊತ್ತು. ತೂಕಡಿಸುತ್ತಿದ್ದ ಭಾವ ಬಾಯಿಗೆ ಬಂದದ್ದನ್ನು ಹೇಳಿದರು: ‘ಮನೆಯವರ ಹತ್ರ ನಾನು ನಾಟಕ ಆಡಲ್ಲ ಸಾರ್. ಇದ್ದ ಹಾಗೇ ಇರ್ತೀನಿ.’

ಅವನು ಕುಣಿದಾಡಿಬಿಟ್ಟ. ‘ನಿಮ್ಮ ಕಂಪನಿ ಮೌಲ್ಯಾನೂ ಅದೇ! ಗ್ರಾಹಕರೇ ನಮ್ಮ ಮನೆಯವರು. ನಾಳೆಯಿಂದ ಎರಡೂ ಒಂದಾಗಬೇಕು!’ ಎಲ್ಲರೂ ಚಪ್ಪಾಳೆ ತಟ್ಟಿದರು. ಜನ್ಮದಲ್ಲಿ ಚಪ್ಪಾಳೆ ಕಾಣದ ಭಾವ ಉಬ್ಬಿಹೋದರು.

ಎರಡೂ ಒಂದಾದವು. ಮರುದಿನ ಬೆಲೆ ಕೇಳಿದ ಹೆಂಗಸಿಗೆ ಭಾವ ಪೇಪರಿನಿಂದ ತಲೆ ಎತ್ತದೆ ‘ಹೂಂ’ ಎಂದರು. ಮತ್ತೆ ಕೇಳಿದ್ದಕ್ಕೆ, ‘ಅಲ್ಲೇ ಬರೆದಿದೆಯಲ್ಲ, ಕಣ್ಣು ಕಾಣಲ್ವಾ?’ ಹಾಸಿಗೆ ಗಟ್ಟಿಯಾಯಿತು ಎಂದ ಮುದುಕರಿಗೆ, ‘ನಿಮಗೆ ಏನು ಕೊಟ್ರೂ ಸರಿ ಹೋಗಲ್ಲ ಬಿಡಿ.’ ಹೊಸ ಜೋಡಿಯೊಂದು ಹಾಸಿಗೆ ಆರಿಸುತ್ತಿದ್ದಾಗ ಪಕ್ಕದ್ದರ ಮೇಲೆ ಉರುಳಿಕೊಂಡು ಗೊರಕೆ ಹೊಡೆದರು. ಅಂಗಡಿಯ ಡ್ರೈವರ್ ಇದನ್ನೆಲ್ಲ ನನಗೆ ಬಂದು ಹೇಳುವಾಗ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ವಾರ ತುಂಬುವ ಮೊದಲೇ ಮಾಲೀಕರು ಕರೆದರು. ‘ಏನ್ರೀ ಇದು, ಇಷ್ಟೊಂದು ದೂರು! ಕೆಲಸ ಬೇಕೋ ಬೇಡ್ವೋ?’

‘ಮನೆಯವರ ಹಾಗೆ ನೋಡ್ಕೊಳ್ಳಿ ಅಂದ್ರಲ್ಲ ಸಾರ್. ಹಾಗೇ ನೋಡ್ಕೊಂಡೆ.’

ಮಾಲೀಕರು ಕನ್ನಡಕ ತೆಗೆದರು. ‘ಮನೇಲಿ ಹೀಗಾ ನೀವು ಇರೋದು?’

ನಾಳೆಯಿಂದ ಮೊದಲಿನ ಹಾಗೆ ನಡೆದುಕೊಳ್ಳದಿದ್ದರೆ ಕೆಲಸವಿಲ್ಲ ಎಂದು ಮಾಲೀಕರು ಹೇಳಿ ಕಳಿಸಿದರು.

ಆ ಸಂಜೆ ಮಜಾ ನೋಡಲೆಂದೇ ನಾನು ಅಕ್ಕನ ಮನೆಗೆ ಹೋಗಿದ್ದೆ. ಅಕ್ಕ ಒಗೆದ ಬಟ್ಟೆ ಮಡಿಸುತ್ತಿದ್ದಳು. ಭಾವ ಚಪ್ಪಲಿ ಬಿಡುತ್ತಲೇ ನಡೆದದ್ದನ್ನೆಲ್ಲ ಒದರಿದರು. ಮದುವೆಯಾದ ಮೇಲೆ ಅವಳ ಹತ್ತಿರ ಅವರು ಅಷ್ಟುದ್ದ ಮಾತಾಡಿದ್ದು ಅದೇ ಮೊದಲಿರಬೇಕು. ಕೊನೆಗೆ, ‘ಒಂದು ವಾರ ತಡ್ಕೊಳ್ಳೋಕೆ ಆಗಲಿಲ್ಲ ನೋಡು ಆ ಜನಕ್ಕೆ. ನೀನು ಇಷ್ಟು ವರ್ಷದಿಂದ ಇದೀಯ, ಒಂದು ದಿನ ಆದ್ರೂ ದೂರು ಹೇಳಿದೀಯಾ?’ ಎಂದರು. ಹೊಗಳುತ್ತಿದ್ದೇನೆ ಎಂದೇ ಅವರ ನಂಬಿಕೆ.

ನಾನು ನಗಲು ಬಾಯಿ ತೆರೆದೆ. ಅಕ್ಕ ಅವರ ಅಂಗಿಯನ್ನು ಮಡಿಸುತ್ತಲೇ ಇದ್ದಳು.

‘ಅವರಿಗೆ ದೂರು ಹೇಳೋಕೆ ಮಾಲೀಕರಿದ್ದಾರೆ,’ ಎಂದಳು. ‘ನಾನು ಯಾರಿಗೆ ಹೇಳಲಿ?’