ಹುಳುಮನೆಯ ಹೊಸ್ತಿಲು

ನಮ್ಮ ಸೋದರತ್ತೆಯ ಹೆಬ್ಬೆರಳಿನ ಉಗುರಿಗೆ ಹಿಪ್ಪುನೇರಳೆ ಸೊಪ್ಪಿನ ಕರೆ ಹತ್ತಿ, ಎಷ್ಟು ತಿಕ್ಕಿದರೂ ಹೋಗದ ಕಪ್ಪು ಹಸಿರಾಗಿತ್ತು. ಶಿಡ್ಲಘಟ್ಟದ ಪಕ್ಕದ ನಮ್ಮೂರಿನಲ್ಲಿ ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗಿದೆಯೇ ಎಂದು ನೋಡಲು ಅವರನ್ನೇ ಕರೆಯುತ್ತಿದ್ದರು. ಹುಳುವನ್ನು ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದು, "ಇನ್ನೂ ತಿನ್ನುತ್ತೆ, ಬಿಡ್ರಪ್ಪ" ಎಂದರೆ ಮುಗಿಯಿತು, ಯಾರದೂ ಎದುರು ಮಾತಿಲ್ಲ. ನನಗೂ ಹಾಗೆ ನೋಡಲು ಕಲಿಸಿದವರು ಅವರೇ.

ಲಾರಿ ಓಡಿಸುತ್ತಿದ್ದ ಮಾವ ತೀರಿಕೊಂಡ ಮೇಲೆ, ತೊಂಬತ್ತರ ದಶಕದ ಕೊನೆಗೆ, ಅತ್ತೆಯ ರಕ್ತದಲ್ಲೂ ಎಚ್‌ಐವಿ ಇದೆಯೆಂದು ತಿಳಿಯಿತು. ಅಂದಿನಿಂದ ಅವರು ಹುಳುಮನೆಯ ಹೊಸ್ತಿಲು ದಾಟಲಿಲ್ಲ. ರೋಗದ ಹುಳುಗಳನ್ನು ಆರಿಸಿ ಸುಣ್ಣದ ಗುಂಡಿಗೆ ಹಾಕಿಯೇ ಬೆಳೆದವರು. ತಮ್ಮನ್ನೂ ಹಾಗೆಯೇ ಆರಿಸಿ ಹೊರಗಿಟ್ಟುಕೊಂಡರು. ಈ ರೋಗ ಹುಳುವಿಗೆ ಬರುವುದಿಲ್ಲವೆಂದು ಚಿಕ್ಕಬಳ್ಳಾಪುರದ ಡಾಕ್ಟರು ಹೇಳಿ ಹೇಳಿ ಸಾಕಾದರು. "ಅವ್ರೇನು ಹುಳ ಸಾಕಿದಾರಾ?" ಎನ್ನುತ್ತಿದ್ದರು ಅತ್ತೆ. ಅಂಥ ಹಟ.

ಕಾಮಾಲೆ ಬಾರದಿರಲೆಂದು ಡಾಕ್ಟರು ಲಸಿಕೆಯ ಸೂಜಿ ಹಾಕಿಸಿದಾಗ ಮಾತ್ರ ಅವರಿಗೆ ಆಸೆ ಚಿಗುರಿತು. "ಸೂಜಿ ಮೈಗೆ ಹತ್ತಿದ್ರೆ ಮೈಯಲ್ಲಿನ್ನೂ ಕಸುವಿದೆ ಅಂತ ಕಣಮ್ಮ. ಆಗ ಒಳಗೆ ಬರ್ತೀನಿ" ಎಂದರು.

ಹತ್ತಲಿಲ್ಲ. ಕೆಲವು ತಿಂಗಳ ಮೇಲೆ ರಕ್ತ ಪರೀಕ್ಷೆ ನೋಡಿ ಡಾಕ್ಟರು ಕಾರಣ ವಿವರಿಸಿದರು: ರೋಗವನ್ನು ತಡೆಯುವ ಪ್ರತಿಕಾಯ ತಯಾರಿಸುವ ಜೀವಕೋಶಗಳು ಮೈಯಲ್ಲಿ ಇನ್ನೂ ಇವೆ, ಆದರೆ ಅವಕ್ಕೆ ನೆರವಾಗುವ ಬೇರೆ ಜೀವಕೋಶಗಳಲ್ಲೇ ಈ ವೈರಸ್ ಹೊಕ್ಕು ಕೂತು, ಅವನ್ನು ಕೆಡಿಸಿಬಿಟ್ಟಿದೆ.

ಊರಿಗೆ ಮರಳುವ ಬಸ್ಸಿನಲ್ಲಿ ಅತ್ತೆ ಜೊತೆಗಿದ್ದ ನನ್ನತ್ತ ತಿರುಗಿದರು. "ಹುಳದ ಹೊಟ್ಟೆ ತುಂಬ ರೇಷ್ಮೆ ಇದ್ರೂ, ಚಂದ್ರಿಕೆಗೆ ಎತ್ತಿ ಬಿಡೋರೇ ಇಲ್ದಿದ್ರೆ ಗೂಡೆಲ್ಲಿ ಕಟ್ಟುತ್ತೆ? ನನ್ನೊಳಗೆ ಆ ಎತ್ತಿ ಬಿಡೋರೇ ಹೋದ್ರು ಕಣೇ." ಚಂದ್ರಿಕೆಯೆಂದರೆ ಹಣ್ಣಾದ ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ. ನನಗೆ ಅಳು ಬಂತು, ಅವರಿಗೆ ಬರಲಿಲ್ಲ.

ಮುಂದಿನ ಬೆಳೆ ಹಣ್ಣಾದ ದಿನ ಅವರು ನ್ಯುಮೋನಿಯಾದಲ್ಲಿ ಏದುಸಿರು ಬಿಡುತ್ತ ಜಗಲಿಯ ಮೇಲೆ ಮಲಗಿದ್ದರು. ಹುಳು ಯಾರಿಗೂ ಕಾಯುವುದಿಲ್ಲ, ಮನೆಯವರೆಲ್ಲ ಒಳಗಿದ್ದೆವು. "ಹಣ್ಣಾದ್ವೇನೇ?" ಎಂದು ಅಲ್ಲಿಂದಲೇ ಕೇಳಿದರು. ನಾನೊಂದು ಹುಳುವನ್ನು ಅಂಗೈಯಲ್ಲಿ ತಂದು ಬೆಳಕಿಗೆ ಹಿಡಿದೆ. ಅವರ ಕಣ್ಣು ಅರಳಿತು, ಕೈ ಮಾತ್ರ ಕಂಬಳಿಯೊಳಗೆ ಸರಿಯಿತು.

"ದೂರ ಹಿಡ್ಕೊಳ್ಳಮ್ಮ. ಹಣ್ಣಾಗಿದೆ. ಬೇಗ ಚಂದ್ರಿಕೆಗೆ ಬಿಡು, ಹೋಗು."

ಗೂಡು ಬಿಡಿಸುವ ಹೊತ್ತಿಗೆ ಅತ್ತೆ ಇರಲಿಲ್ಲ. ಆ ಸಲದಷ್ಟು ಒಳ್ಳೆಯ ಗೂಡು ನಮ್ಮ ಮನೆಯಲ್ಲಿ ಮತ್ತೆಂದೂ ಆಗಲಿಲ್ಲ. ಬದುಕಿದ್ದರೆ, ತಾವು ದೂರವಿದ್ದದ್ದಕ್ಕೇ ಹಾಗೆ ಬಂತು ಎನ್ನುತ್ತಿದ್ದರು. ಅಲ್ಲ ಅತ್ತೆ, ಅಲ್ಲ ಎಂದು ಹೇಳಲು ಅವರೇ ಇಲ್ಲ.